ಕೊರಳಲ್ಲಿ ಸೀಟಿ ಇಲ್ಲದ ವಾರ

ಸೋಮವಾರ, ಜುಲೈ 8

ಆರನೇ ಕ್ಲಾಸನ್ನು ಓಡಿಸಿ, ಸೀಟಿ ಒರೆಸಿಕೊಂಡು ಸ್ಟಾಫ್ ರೂಮಿಗೆ ಬಂದರೆ ಹೆಡ್ ಮೇಡಂ ಕರೆ. ಬೆಂಕಿ ಡ್ರಿಲ್ ಈ ಸಲ ಕಮಿಟಿಯವರ ಎದುರಿಗೆ. ಮುಂದಿನ ವಾರ ಶುಕ್ರವಾರ. ಗಂಟೆ ಹೊಡೆದ ಕೂಡಲೇ ಇಡೀ ಶಾಲೆ ಮೈದಾನಕ್ಕೆ ಇಳಿಯಬೇಕು.

"ಮಕ್ಕಳೇ ನಡೆಸಲಿ" ಎಂದೆ. "ನಾವು ಸಾಲಲ್ಲಿ ನಿಂತ್ಕೊಳ್ಳೋಣ."

"ತಲೆ ನೆಟ್ಟಗಿದೆಯೇನ್ರೀ ನಿಮಗೆ?"

"ವರ್ಷಪೂರ್ತಿ ಲೀಡರ್ ಅಂತ ಬ್ಯಾಡ್ಜ್ ಹಾಕಿಸ್ತೀವಿ. ಮಾಡ್ಸೋ ಕೆಲಸ ಏನು? ಡಸ್ಟರ್ ತರೋದು."

ಪೆನ್ನು ತಿರುಗಿಸುತ್ತಾ ಕೂತರು. ಕೊನೆಗೆ ಒಪ್ಪಿದರು, ಷರತ್ತಿನ ಮೇಲೆ. ಗಲಾಟೆಯಾದರೆ ಲೀಡರ್ ತಂಡ ಅಲ್ಲಿಗೇ ಬಂದ್. ಎಲ್ಲ ಮತ್ತೆ ಟೀಚರ್‌ಗಳ ಕೈಗೆ. ಆಗಲಿ ಎಂದೆ. ಇಷ್ಟು ವರ್ಷ ಪಿಟಿ ಟೀಚರ್ ಆಗಿ ಬಿಸಿಲಲ್ಲಿ ಬೆಂದಿದ್ದೇನೆ, ಇಷ್ಟೂ ಆಗದಿದ್ದರೆ ಹೇಗೆ!

ಮಂಗಳವಾರ, ಜುಲೈ 9

ತಂಡ ರೆಡಿ. ಮುಖ್ಯವಾಗಿ ಒಂಬತ್ತನೇ ಕ್ಲಾಸಿನ ಇಬ್ಬರು. ಹುಡುಗ — ಮೈಕು, ಗಂಟಲು ಅಂಥದ್ದು. ಹುಡುಗಿ — ಗೊಣಗಿ, ಎಲ್ಲದಕ್ಕೂ "ಯಾಕೆ ಮೇಡಂ?" ಅಡ್ಡಹೆಸರು ಕ್ಲಾಸಿನವರೇ ಇಟ್ಟದ್ದು. "ಹೋಗಿ ಹೋಗಿ ಅವಳನ್ನ ಆರಿಸಿದ್ರಾ?" ಎಂದರು ಗಣಿತದ ಮೇಷ್ಟ್ರು. ಯಾಕೆ ಅಂತ ಕೇಳುವವರು ಕಣ್ಣು ಬಿಟ್ಟುಕೊಂಡು ಕೆಲಸ ಮಾಡುತ್ತಾರೆ ಎಂದೆ. ನನ್ನ ಮಾತು ನನಗೇ ಹಿಡಿಸಿತು.

ಮೊದಲ ಮಹಡಿಯ ಪುಟ್ಟ ಮಕ್ಕಳು ಗೊಣಗಿಯ ಪಾಲಿಗೆ. ಮೆಟ್ಟಿಲ ಬುಡ, ಮುಖ್ಯ ಬಾಗಿಲು — ಮೈಕಿಗೆ. ಲೀಡರ್ ಎಲ್ಲರಿಗಿಂತ ಕೊನೆಗೆ ಹೊರಬರಬೇಕು. ಒಮ್ಮೆ ಹೊರಗೆ ಬಂದವರು ಯಾರೇ ಆಗಲಿ ಮತ್ತೆ ಒಳಗೆ ಹೋಗುವಂತಿಲ್ಲ.

"ಯಾರೇ ಅಂದ್ರೆ? ಹೆಡ್ ಮೇಡಮ್ಮೂ?"

"ಅವರಪ್ಪ ಬಂದ್ರೂ ಬಿಡಬೇಡಿ."

ಶುಕ್ರವಾರ, ಜುಲೈ 12

ರಿಹರ್ಸಲ್ ಹಳ್ಳ ಹಿಡಿಯಿತು.

ಮೆಟ್ಟಿಲ ಬುಡದಲ್ಲಿ ಎರಡು ಕ್ಲಾಸು ಒಟ್ಟಿಗೆ ಬಂದವು. ಮೈಕು ಕೈ ಅಡ್ಡ ಹಿಡಿದು ಒಂದು ಸಾಲನ್ನು ತಡೆಯುತ್ತಿದ್ದ. ನನಗೆಲ್ಲಿಯ ತಾಳ್ಮೆ... ಸೀಟಿ ಊದಿಯೇ ಬಿಟ್ಟೆ. ಸೀಟಿ ಕೇಳಿದರೆ ಇದ್ದಲ್ಲೇ ಕಲ್ಲಿನ ಹಾಗೆ ನಿಲ್ಲಬೇಕು — ಆಟದ ಪೀರಿಯಡ್ಡಿನಲ್ಲಿ ನಾನೇ ಕಲಿಸಿದ್ದು. ನಿಂತರು. ಮೆಟ್ಟಿಲ ಉದ್ದಕ್ಕೂ ನಿಂತರು. ಹಿಂದಿದ್ದವರು ಮುಂದಿದ್ದವರ ಮೇಲೆ ಬಿದ್ದರು. ಒಂದು ಮಗುವಿನ ಮೊಣಕಾಲು ತರಚಿತು.

ಆಮೇಲೆ ಮೈಕಿಗೆ ಸರಿಯಾಗಿ ಬೈದೆ. ಗೊಣಗಿ ಎದ್ದು ನಿಂತಳು.

"ಅವನು ಬಿಡಿಸ್ತಾ ಇದ್ದ ಮೇಡಂ. ನೀವು ಸೀಟಿ ಊದಿದ್ರಿ. ಜಾಮ್ ಆಗಿದ್ದು ನಿಮ್ಮಿಂದ."

ಎಷ್ಟು ಕೊಬ್ಬು! "ನಡಿ ಹೊರಗೆ" ಎಂದೆ. ನಡೆದಳು. ಹೋಗುವಾಗ ಬಾಗಿಲು ಮೆಲ್ಲಗೆ ಮುಚ್ಚಿದಳು. ಅದಕ್ಕೇ ಇನ್ನಷ್ಟು ಉರಿಯಿತು.

ಸಂಜೆ

ತರಕಾರಿ ಹೆಚ್ಚುತ್ತಾ ಎಲ್ಲವನ್ನೂ ಕಾರಿಕೊಂಡೆ. ನಮ್ಮವರು ಪೇಪರ್ ಎತ್ತಿಕೊಂಡು ಹಾಲಿಗೆ ಹೋದರು. ಜಾಣರು. ಅತ್ತೆ ಬಿಟ್ಟಾರೆಯೇ?

"ಆ ಹುಡುಗಿ ಸರಿಯಾಗೇ ಹೇಳಿದಾಳೆ ಕಣೇ. ನಾನು ಒಲೆ ಮುಂದೆ ನಿಂತ್ರೆ ಸೌಟು ಕಿತ್ಕೊಳ್ಳೋಳು ನೀನು."

ಮಗಳು ಪುಟ್ಟಿಗೆ ಇನ್ನೂ ಒಂದನೇ ಕ್ಲಾಸು, ನಮ್ಮ ಶಾಲೆಯಲ್ಲೇ. ಅವಳೂ ತಲೆಯಾಡಿಸಿದಳು! ಮನೆಯಲ್ಲೂ ನನ್ನ ಪರ ಯಾರೂ ಇಲ್ಲ. ನ್ಯಾಯವೂ ನನ್ನ ಕಡೆಗಿಲ್ಲ. ತಪ್ಪು ನನ್ನದೇ.

ಸೋಮವಾರ, ಜುಲೈ 15

ತಂಡದ ಮುಂದೆ ನಿಂತು ಹೇಳಿದೆ: "ಜಾಮ್ ಮಾಡಿದ್ದು ನಾನು. ಮೈಕು ಅಲ್ಲ." ಅವನ ಕಿವಿ ಕೆಂಪಾಯಿತು. ಸೀಟಿ ಬಿಚ್ಚಿ ಗೊಣಗಿಯ ಕೈಗಿಟ್ಟೆ.

"ಯಾಕೆ ಮೇಡಂ?"

"ನನ್ನ ಹತ್ರ ಇದ್ರೆ ಊದ್ತೀನಿ ಕಣೇ, ಅದಕ್ಕೇ."

ನಕ್ಕಳು. ಇವಳಿಗೆ ನಗಲೂ ಬರುತ್ತದೆ! ಮತ್ತೆ ರಿಹರ್ಸಲ್. ಬಾಯಿಗೆ ಬೀಗ ಹಾಕಿಕೊಂಡು ಮೈದಾನದಲ್ಲಿ ನಿಂತೆ. ಕೈ ತಾನಾಗಿ ಕೊರಳಿಗೆ ಹೋಗುತ್ತದೆ, ದರಿದ್ರದ್ದು. ಆದರೆ ಹುಡುಗರು ಪಳಗುತ್ತಿದ್ದಾರೆ. ಶುಕ್ರವಾರ ಗೆದ್ದೇ ಗೆಲ್ಲುತ್ತೇವೆ.

ಶುಕ್ರವಾರ, ಜುಲೈ 19

ಇವತ್ತಿನದನ್ನು ಇವತ್ತೇ ಬರೆಯಬೇಕು.

ಗಂಟೆ ಹೊಡೆಯಿತು. ಸಾಲು ಸಾಲಾಗಿ ಇಳಿದರು, ನೀರು ಹರಿದ ಹಾಗೆ. ಕಮಿಟಿಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಎಲ್ಲ ಕ್ಲಾಸೂ ಬಂತು. ಒಂದನೇ ಕ್ಲಾಸು ಮಾತ್ರ ಇಲ್ಲ. ಗೊಣಗಿಯೂ ಇಲ್ಲ.

ಬೆಂಕಿ ಇಲ್ಲವೆಂದು ಗೊತ್ತು. ಆದರೆ ಮೆಟ್ಟಿಲ ಮೇಲೆ ಬಿದ್ದರೋ ಏನೋ... ಒಳಗಿರುವುದು ನನ್ನ ಮಗು. ಓಡಿದೆ. ಬಾಗಿಲಲ್ಲಿ ಮೈಕು ಕೈ ಅಡ್ಡ ಹಿಡಿದ.

"ಒಳಗೆ ಹೋಗೋ ಹಾಗಿಲ್ಲ ಮೇಡಂ."

"ಪುಟ್ಟಿ ಬಂದಿಲ್ಲ ಕಣೋ! ಬಿಡೋ!"

"ಗೊಣಗಿ ಇದಾಳೆ ಮೇಡಂ. ಕರ್ಕೊಂಡೇ ಬರ್ತಾಳೆ. ನೀವು ಸಾಲಿಗೆ ಹೋಗಿ."

ಆ ಗಂಟಲಿನವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಡ್ಡ ಹಿಡಿದ ಕೈಯನ್ನೂ ಇಳಿಸಲಿಲ್ಲ. ಹೆಡ್ ಮೇಡಂ ಎದ್ದು ನಿಂತಿದ್ದರು. ತಳ್ಳಿಕೊಂಡು ಹೋಗಬಹುದಿತ್ತು. ಹೋಗಿದ್ದರೆ ಕಲಿಸಿದ್ದೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ವಾಪಸ್ ಬಂದು ಸಾಲಲ್ಲಿ ನಿಂತೆ. ಅಷ್ಟು ಭಯ ಹಿಂದೆಂದೂ ಪಟ್ಟಿಲ್ಲ.

ಆಮೇಲೆ ಕಟ್ಟಡದ ಹಿಂದಿನಿಂದ ಬಂದರು. ಮುಂದಿದ್ದವರ ಅಂಗಿ ಹಿಡಿದುಕೊಂಡು ಪುಟ್ಟ ಪುಟ್ಟ ಮಕ್ಕಳು. ಎಲ್ಲರ ಕೊನೆಗೆ ಗೊಣಗಿ, ಕೈಯಲ್ಲಿ ಯಾರದೋ ಒಂದು ಶೂ.

"ದೊಡ್ಡೋರೆಲ್ಲ ಒಟ್ಟಿಗೆ ಇಳೀತಿದ್ರು ಮೇಡಂ. ಇವರು ಮಧ್ಯೆ ಸಿಕ್ಕಿ ಬಿದ್ದಾರು ಅಂತ ಹಿಂದಿನ ಮೆಟ್ಟಿಲಲ್ಲಿ ಕರ್ಕೊಂಡು ಬಂದೆ."

ಪುಟ್ಟಿಯನ್ನು ಎತ್ತಿಕೊಳ್ಳಲು ಹೋದೆ. "ಅಮ್ಮ, ಸಾಲು ಬಿಟ್ಟು ಬರಬೇಡ, ಡ್ರಿಲ್ ನಡೀತಿದೆ!" ಎಂದಳು. ಎಲ್ಲರೆದುರು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ.

ಕಮಿಟಿಯವರೊಬ್ಬರು ಕೇಳಿದರು: "ಟೀಚರ್‌ನೇ ತಡೆದನಲ್ಲ, ಯಾರು ಆ ಹುಡುಗ?"

"ನಮ್ಮ ಲೀಡರ್" ಎಂದರು ಹೆಡ್ ಮೇಡಂ, ತಾವೇ ಆರಿಸಿದ ಹಾಗೆ! ಇರಲಿ. ತಂಡ ಉಳಿಯಿತು.

ಗೊಣಗಿ ಸೀಟಿ ತಂದಳು. "ಊದೋ ಕೆಲಸವೇ ಬರಲಿಲ್ಲ ಮೇಡಂ." ನಿನ್ನ ಹತ್ತಿರವೇ ಇರಲಿ, ಆಟದ ಪೀರಿಯಡ್ಡಿಗೆ ಮಾತ್ರ ಕೊಡು ಎಂದೆ. ಈ ಸಲ ಯಾಕೆ ಎಂದು ಕೇಳಲಿಲ್ಲ.

ಸೋಮವಾರ, ಜುಲೈ 22. ಮಧ್ಯಾಹ್ನ

ವರಾಂಡದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಎಂಟನೇ ಕ್ಲಾಸಿನಿಂದ ಹೊಸ ಲೀಡರ್‌ಗಳ ಆಯ್ಕೆ. "ನೀವಿದ್ರೆ ನಿಮ್ಮ ಮುಖ ನೋಡ್ಕೊಂಡು ಉತ್ತರ ಹೇಳ್ತಾರೆ, ಹೊರಗಿರಿ" ಎಂದಳು ಗೊಣಗಿ. ನನ್ನ ತಂಡದಿಂದ ನನಗೇ ಗೇಟ್‌ಪಾಸ್!

ಈಗ ಒಳಗೆ ಏನೋ ಧಡಾರನೆ ಬಿತ್ತು. ಕುರ್ಚಿಯಿರಬೇಕು. ಗದ್ದಲ. ಕೈ ಕೊರಳಿಗೆ ಹೋಯಿತು. ಖಾಲಿ. ಏಳಲಿಲ್ಲ. ಕೂತೇ ಇದ್ದೇನೆ.

ಸದ್ದಡಗಿತು. ಅವರೇ ಅಡಗಿಸಿದರು.

ಬಾಗಿಲು ತೆರೆಯಿತು. ಮೈಕು. "ಮೇಡಂ, ನಿಮ್ಮನ್ನೂ ಒಂದೆರಡು ಪ್ರಶ್ನೆ ಕೇಳೋದಿದೆ, ಬನ್ನಿ." ನನ್ನನ್ನು! ಏನು ಕೇಳುತ್ತಾರೋ ಈ ಪುಂಡರು... ಬಂದೆ ಇರೋ, ಈ ಒಂದು ಸಾಲು —