ಮುಟ್ಟಿದರೆ ಸಾಲದು

ಮಾರ್ಚ್ ೪, ಬೆಳಿಗ್ಗೆ

ಮಷಿನ್ನಿನ ಸೂಜಿ ಮತ್ತೆ ಮುರಿಯಿತು. ತಂಗಿಯ ಕಂಟೇನರ್ ಅರ್ಧ ಹೊಲಿದಾಗಿದೆ. ಎರಡು ಪ್ಯಾರಾಚೂಟ್ ಹೊರುವ ಬೆನ್ನುಚೀಲ, ಅಷ್ಟಕ್ಕೆ ಇಷ್ಟು ದೊಡ್ಡ ಹೆಸರು. ಮೊದಲನೆಯದು ಮೇನ್, ಅದು ಕೈಕೊಟ್ಟರೆ ಎರಡನೆಯದು, ರಿಸರ್ವೇ ಗತಿ. ಅದನ್ನು ಬಿಚ್ಚಲು ಎಳೆಯುವ ಹ್ಯಾಂಡಲ್ ಎದೆಯ ಎಡಕ್ಕೆ. ಸ್ಟೀಲಿನದು ಹಾಕೋಣ ಎಂದೆ. ಅವಳಿಗೆ ಬೇಡ.

"ಅಯ್ಯೋ ಅಕ್ಕಾ, ಅದು ಎಲ್ಲಾದ್ರೂ ಸಿಕ್ಕಾಕೊಳ್ಳತ್ತೆ. ಈಗ ಎಲ್ರೂ ಮೆತ್ತನೇದೇ ಹಾಕಿಸ್ಕೊಳ್ಳೋದು. ನೋಡೋಕೂ ಚಂದ."

ಬೀಳುವಾಗ ಚಂದ ನೋಡುವವರು ಯಾರೋ! ಮೆತ್ತನೆಯದನ್ನೇ ಹೊಲಿಯುತ್ತಿದ್ದೇನೆ. ಹಟಕ್ಕೆ ಬಿದ್ದರೆ ಅವಳು ಅಮ್ಮನಿಗೂ ಬಗ್ಗುವವಳಲ್ಲ.

ಮಾರ್ಚ್ ೯

ತಂಗಿಯನ್ನು ಚೀಲದ ಸಮೇತ ತೊಲೆಗೆ ನೇತುಹಾಕಿ ಅಭ್ಯಾಸ. ಹಾರಲು ಕಲಿಸುವ ಮೇಷ್ಟ್ರು ಕೂಗಿದರು: "ಮೇನ್ ತಿರುಚ್ಕೊಂಡಿದೆ!" ತಂಗಿ ಬಲಗಡೆಯ ಹ್ಯಾಂಡಲ್ ಮುಟ್ಟಿ "ಮೇನ್ ಕಳಚಿದೆ" ಎಂದಳು. ಎಡಗಡೆಯದು ಮುಟ್ಟಿ "ರಿಸರ್ವ್ ಎಳೆದೆ." ಶಭಾಶ್ ಅಂದರು ಮೇಷ್ಟ್ರು. ಯಾವಾಗಲೂ ಹೀಗೇ. ನಿಜಕ್ಕೂ ಎಳೆದರೆ ರಿಸರ್ವ್ ಹೊರಗೆ ಬಂದುಬಿಡುತ್ತದೆ. ಮತ್ತೆ ಮಡಚಲು ನನಗೆ ಅರ್ಧ ದಿನ ಬೇಕು.

"ಈ ಸಲ ನಿಜವಾಗ್ಲೂ ಎಳಿ" ಎಂದೆ.

"ಮಡಚಿ ಮಡಚಿ ನಿನ್ನ ಸೊಂಟ ಬಿದ್ದೋಗತ್ತೆ ಅಷ್ಟೇ."

"ಎಳಿಯೇ."

ಮೇಷ್ಟ್ರು ಮತ್ತೆ ಕೂಗಿದರು. ಅವಳ ಕೈ ಹೋಯಿತು, ಮುಟ್ಟಿತು, ವಾಪಸ್ ಬಂತು. "ಎಳೆದೆ" ಎಂದಳು... ಎಳೆದಿರಲಿಲ್ಲ. ನಕ್ಕಳು. ಇನ್ನೊಮ್ಮೆ — ಅದೇ. ಆಮೇಲೆ ನಗಲಿಲ್ಲ. ಇಷ್ಟು ದಿನ ಮುಟ್ಟಿ ಬಿಡುವುದನ್ನೇ ಕಲಿಸಿದ್ದೇವೆ.

ಮಾರ್ಚ್ ೧೦

ಮೆತ್ತನೆಯದನ್ನು ಕಿತ್ತು ಸ್ಟೀಲಿನದು ಕೂರಿಸಿದೆ. ಅವಳೇ ಕೇಳಿದ್ದು. ದಪ್ಪ ಗ್ಲೌಸ್ ಇದ್ದರೂ ಹೆಬ್ಬೆರಳು ತೂರುತ್ತದೆ. ಒಳಗೆ ರಿಸರ್ವ್ ಬದಲು ಹಳೆಯ ಬೆಡ್‌ಶೀಟ್ ತುರುಕಿದೆ. ಈ ಬುದ್ಧಿ ಮೊದಲೇ ಏಕೆ ಬರಲಿಲ್ಲವೋ. ಎಳೆದಳು, ತುರುಕಿದೆ, ಎಳೆದಳು. ಒಂದು ಸಲ ಬಟ್ಟೆಯನ್ನು ಹೊರದೂಡುವ ಸ್ಪ್ರಿಂಗ್ ಹಾರಿ ಬೆಡ್‌ಶೀಟ್ ಮೇಷ್ಟ್ರ ತಲೆಗೇ ಮುಸುಕು ಹಾಕಿತು. ಪಾಪ, ಬೈಯಲಿಲ್ಲ.

ಮಾರ್ಚ್ ೨೩

ಇವತ್ತು ವಿಮಾನದಿಂದ ನಿಜವಾಗಿ ಹಾರಿದಳು. ಮೈದಾನದಿಂದಲೇ ಕಂಡಿತು. ಅವಳ ಮೇನ್ ತೆರೆದದ್ದೇ ತಿರುಚಿಕೊಂಡಿತು. ಗಿರಗಿರನೆ ಸುತ್ತುತ್ತ ಬರುತ್ತಿದ್ದಳು. "ಎಳಿಯೇ, ಎಳಿಯೇ" ಎಂದು ಕಿರುಚುತ್ತಿದ್ದೆನಂತೆ — ಮೇಷ್ಟ್ರು ಹೇಳಿದ್ದು. ಮೇನ್ ಕಳಚಿ ಹೋಯಿತು. ಬರೀ ಅವಳು. ಮೇಲೆ ಏನೂ ಇಲ್ಲ...

ಆಮೇಲೆ ಬಿಳಿ ಬಟ್ಟೆ ಅರಳಿತು. ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವಳು ನಡೆದು ಬಂದಾಗಲೂ ಹ್ಯಾಂಡಲ್ ಮುಷ್ಟಿಯಲ್ಲೇ ಇತ್ತು. "ಬೆರಳು ಬಿಡಿಸಿಕೊಡೇ" ಎಂದಳು. ಒಂದೊಂದಾಗಿ ಬಿಡಿಸಿದೆ.

ಮಾರ್ಚ್ ೨೪, ಬೆಳಿಗ್ಗೆ

ಬಾಗಿಲಲ್ಲಿ ನಿಂತಿದ್ದಾಳೆ. "ಅಕ್ಕಾ, ರಿಸರ್ವ್ ಮಡಚಿಕೊಡ್ತೀಯಾ? ನಾಳೆ ಮತ್ತೆ ಹಾರೋಕೆ ಫ್ಲೈಟಿದೆ."

ಸಾಕು ಮಾಡೇ ಎನ್ನಬೇಕು. ಅಮ್ಮನೂ ಹೇಳಿಕಳಿಸಿದ್ದಾಳೆ. ಹೇಳಿದರೆ ಕೇಳುವವಳೇ? ಬೇರೆ ಯಾರೋ ಮಡಚಿದ್ದನ್ನು ಹೊತ್ತು ಹೋಗುತ್ತಾಳೆ. ಅದನ್ನು ನಾನು ತಡೆದುಕೊಳ್ಳಲಾರೆ. ಬಟ್ಟೆಯನ್ನು ಮೇಜಿನ ಮೇಲೆ ಹರವಿದ್ದೇನೆ. ಕೈ ನಡುಗುತ್ತಿದೆ. ನಿಲ್ಲಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನಿಂತ ಕೂಡಲೇ ಮೊದಲ ಮಡಿಕೆ.