ಅಪ್ಪನಿಗೆ ಗೊತ್ತಾಗದಂತೆ ತೆಗೆದ ಫೋಟೊ

ಜೆರಾಕ್ಸ್ ಅಂಗಡಿಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಲಾರಿಯ ಸೀಟಿಗೆ ದಿಂಬು ಇಟ್ಟುಕೊಳ್ಳಲು ಅಮ್ಮ ನೂರು ಸಲ ಹೇಳಿಸಿದ್ದಾಳೆ, ಇದು ನೂರಾ ಒಂದನೆಯದು. ಅಮ್ಮ ಆರಾಮಾಗಿದ್ದಾಳೆ. ಅಪ್ಪನೂ ಇದ್ದಾನೆ. ನನಗೆ ಮಾತ್ರ ಸೋಮವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಒಬ್ಬರು ಒಂದು ಪ್ರತಿ ಕೇಳಿದರೆ ಹನ್ನೊಂದು ತೆಗೆದು ಬೈಸಿಕೊಂಡೆ.

ನೀನು ಬಿಟ್ಟುಹೋದ ಪುಟ್ಟ ಕ್ಯಾಮೆರಾ ಬೀರುವಿನಲ್ಲಿ ಸಿಕ್ಕಿತು. ಎದುರಿನ ತನ್ನ ಅಂಗಡಿಯ ಬಾಗಿಲಲ್ಲಿ ಬ್ಯಾಗಿಗೆ ಜಿಪ್ ಹೊಲಿಯುತ್ತಾ ಕೂರುವ ಅಪ್ಪನದೊಂದು ಫೋಟೊ ತೆಗೆದು ನಿನಗೆ ಕಳಿಸೋಣ ಎನ್ನಿಸಿತು. ಆದರೆ ಕ್ಯಾಮೆರಾ ಎತ್ತಿದರೆ ಸಾಕು, ಅಪ್ಪ ಗುರುತಿನ ಚೀಟಿಗೆ ಕೂತವನ ಹಾಗೆ ಬಿಗಿದುಕೊಳ್ಳುತ್ತಿದ್ದ. ಕದ್ದು ತೆಗೆಯಹೋದರೆ ಫ್ಲಾಶ್ ಹೊಡೆಯುತ್ತಿತ್ತು, ಬೀಪ್ ಎನ್ನುತ್ತಿತ್ತು, ಫೋಕಸ್ ಆಗುವಷ್ಟರಲ್ಲಿ ಅಡ್ಡ ಒಂದು ಸೈಕಲ್ಲು.

ಪಕ್ಕದ ಸ್ಟುಡಿಯೋ ಮಾಮನಿಗೆ ತೋರಿಸಿದೆ. “ಎಲ್ಲಾ ಆಟೋದಲ್ಲಿಟ್ರೆ ಅದು ಯೋಚನೆ ಮಾಡ್ತಾ ಕೂರತ್ತೆ ಕಣಮ್ಮ. ನೀನು ಮೊದಲೇ ಯೋಚನೆ ಮಾಡಿಟ್ಟಿರು” ಎಂದರು. ಫ್ಲಾಶ್, ಸದ್ದು ಎರಡನ್ನೂ ಬಂದ್ ಮಾಡಿದರು. ಫೋಕಸ್ ಮೂರು ಮೀಟರಿಗೆ ನಿಲ್ಲಿಸಿ, ಬೆಳಕಿನ ಕಿಂಡಿಯಾದ ಅಪರ್ಚರ್ ಎಂಟಕ್ಕೆ ಇಟ್ಟರೆ ಹತ್ತಿರದಿಂದ ರಸ್ತೆಯಾಚೆವರೆಗೂ ಸ್ಪಷ್ಟವಂತೆ. ಶಟರ್ ಸೆಕೆಂಡಿನ ಐನೂರರಲ್ಲೊಂದು ಭಾಗ, ನಡೆಯುವವರೂ ಮಸುಕಾಗುವುದಿಲ್ಲ. ಬೆಳಕು ಕಡಿಮೆಯಾದರೆ ಸರಿದೂಗಿಸುವ ಐಎಸ್ಓ ಮಾತ್ರ ಕ್ಯಾಮೆರಾಕ್ಕೇ ಬಿಟ್ಟರು. ಆಮೇಲೆ ಕಣ್ಣಿಗೆ ಹಿಡಿಯದೆ ಎದೆಯ ಹತ್ತಿರ ಹಿಡಿಯಬೇಕು. ವಾರವಿಡೀ ಬೀದಿಯಲ್ಲಿ ಕಲಿತೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬಾಕೆ ಕಂಡುಹಿಡಿದು ಮುಖ ಗಂಟಿಕ್ಕಿದಾಗ, ಅವಳೆದುರೇ ಅಳಿಸಿ ತಪ್ಪಾಯಿತು ಎಂದೆ.

ಸೋಮವಾರ ಸಂಜೆ ಅಪ್ಪನ ಅಂಗಡಿಯ ಮುಂದೆ ಖಾಕಿ ಅಂಗಿಯ ಹೆಂಗಸೊಬ್ಬಳು ಹಾದುಹೋದಳು. ಹೆಗಲಿಗೆ ಬ್ಯಾಗು, ನಿನ್ನದೇ ದಡಬಡ ನಡಿಗೆ. ಅಪ್ಪ ಸೂಜಿ ಬಿಟ್ಟು ಅರ್ಧ ಎದ್ದ. ಕೈ ಮೇಲೆತ್ತಿದ. ಕರೆಯಲು ಬಾಯಿ ತೆರೆದ. ನನ್ನ ಬೆರಳು ತಾನಾಗಿ ಒತ್ತಿತು. ಅವಳು ತಿರುಗಿದಳು, ಬೇರೆ ಯಾರೋ. ಎತ್ತಿದ ಕೈಯಲ್ಲೇ ತಲೆ ಕೆರೆದುಕೊಂಡು ಅಪ್ಪ ಕೂತುಬಿಟ್ಟ. “ಲಾರಿ ಓಡಿಸೋಳು ಈ ಮನೆ ಮೆಟ್ಟಿಲು ಹತ್ತಬಾರದು” ಎಂದು ಮೂರು ವರ್ಷದ ಹಿಂದೆ ಕೂಗಾಡಿದವನು, ಆಮೇಲೆ ನಿನ್ನ ಸುದ್ದಿಯನ್ನೇ ಎತ್ತದವನು, ಇವನೇ ಅಕ್ಕಾ.

ಮಾಮ ಪ್ರಿಂಟ್ ಹಾಕಿಕೊಟ್ಟರು. ಅಂದಿನಿಂದ ಅದನ್ನು ಕವರಿಗೆ ಹಾಕುತ್ತೇನೆ, ತೆಗೆಯುತ್ತೇನೆ. ಅಪ್ಪ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದನ್ನು ಕದ್ದು ನಿನಗೆ ಕೊಡುತ್ತಿದ್ದೇನೆಯೇ? ಮುಚ್ಚಿಟ್ಟರೆ ನಿನಗೆ ಮೋಸ ಮಾಡಿದಂತೆಯೇ? ತಲೆ ಕೆಟ್ಟುಹೋಗಿದೆ. ಸದ್ಯಕ್ಕೆ ಪತ್ರವೊಂದನ್ನೇ ಕಳಿಸುತ್ತೇನೆ. ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ, ನಿಧಾನ ಓಡಿಸು.

ನಿನ್ನ,
ಚಿಲ್ಟು

ತಾ.ಕ.: ಫೋಟೊನೂ ಇಟ್ಟಿದ್ದೇನೆ. ಈಗಷ್ಟೇ ಅಪ್ಪ ಚಿಲ್ಲರೆ ಕೇಳಲು ಬಂದು ಮೇಜಿನ ಮೇಲೆ ಅದನ್ನು ನೋಡಿಬಿಟ್ಟ. ಕೈಗೆತ್ತಿಕೊಂಡು “ಅವಳಿಗಾ?” ಎಂದ. ಹೂಂ ಎಂದೆ. ಮಡಚಿದರೆ ಹಾಳಾಗುತ್ತದೆಂದು ತಾನೇ ಎರಡು ರಟ್ಟು ಕತ್ತರಿಸಿ ನಡುವೆ ಇಟ್ಟ. ಹೊರಟವನು ಬಾಗಿಲಲ್ಲಿ ನಿಂತು, “ಭಾನುವಾರ ಅಂಗಡಿ ತೆಗಿಯಲ್ಲ, ಮನೇಲೇ ಇರ್ತೀನಿ ಅಂತ ಬರಿ” ಎಂದ. ಬರೆದಿದ್ದೇನೆ.