ವಿಭೂತಿ ಹಚ್ಚಿಸಿಕೊಂಡ ಫ್ಲಾಪಿಗಳು

ಮಧುಗಿರಿ,
೭ ನವೆಂಬರ್ ೨೦೨೪

ಪೂಜ್ಯ ಅಜ್ಜಿಯವರ ದಿವ್ಯಪಾದಗಳಿಗೆ ಮೊಮ್ಮಗಳು ಲೋಹಿತಾಳ ಸಾಷ್ಟಾಂಗ ನಮಸ್ಕಾರ. (ಹಾಸಿಗೆಯಲ್ಲಿ ಬೋರಲು ಮಲಗಿ ಬರೆಯುತ್ತಿರುವುದರಿಂದ ಸಾಷ್ಟಾಂಗ ತಾನಾಗಿಯೇ ಆಗಿದೆ.)

ಕೆಮ್ಮು ಹೇಗಿದೆ? ಪಾವಗಡದಲ್ಲಿ ಇಷ್ಟು ದಿನ ಇದ್ದು ಈಗ ತೆಲುಗಿನಲ್ಲೇ ಕೆಮ್ಮುತ್ತಿರಬೇಕು. ಅತ್ತೆ ಕಷಾಯ ಕೊಡುತ್ತಾರಾ? ನೀನು ಹಟ ಹಿಡಿದು ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇಲ್ಲಿ ಅಮ್ಮ ಕ್ಷೇಮ, ನಾನು ಕ್ಷೇಮ, ಬೆಕ್ಕು ಪರಮಕ್ಷೇಮ. ತಾತ ಮಾತ್ರ ತಟ್ಟೆಯ ಮುಂದೆ ಕೂತು ಹಾಗೇ ಎದ್ದು ಹೋಗುತ್ತಾರೆ.

ನಿನ್ನ ಮೇಲಿರುವ ಆರೋಪವನ್ನು ಈ ಘನ ನ್ಯಾಯಾಲಯ ಮತ್ತೊಮ್ಮೆ ಓದುತ್ತದೆ. ಮಂಡಿನೋವಿನವಳು, ಎದ್ದು ನಿಲ್ಲಬೇಡ. ತಾತ ತಮ್ಮ ಕಂಪ್ಯೂಟರ್ ಕೇಂದ್ರ ಮುಚ್ಚಿದ ಮೇಲೂ ಆ ಹಳೇ ಯುನಿಕ್ಸ್ ಕಂಪ್ಯೂಟರನ್ನು ದಿನಾ ಬೆಳಿಗ್ಗೆ ಎಬ್ಬಿಸುತ್ತಿದ್ದರು. ಅದು ಹೆಸರು ಕೇಳಬೇಕು, ಇವರು ‘ಚನ್ನಮಲ್ಲಯ್ಯ’ ಎಂದು ತಮ್ಮ ಹೆಸರು ಒತ್ತಬೇಕು, ಆಮೇಲೇ ತಿಂಡಿ. ದಸರಾ ಮುಗಿದ ಮೇಲೆ ಅದರ ಹಾರ್ಡ್ ಡಿಸ್ಕ್ ಸತ್ತಿತು. ಹೊಸ ಡಿಸ್ಕಿಗೆ ಯುನಿಕ್ಸ್, ಅಂದರೆ ಯಂತ್ರ ನಡೆಸುವ ಆ ತಂತ್ರಾಂಶ, ಹಾಕಲು ಇದ್ದದ್ದು ಕಂಪನಿಯವರು ಕೊಟ್ಟಿದ್ದ ಫ್ಲಾಪಿಗಳೇ. ತೆಗೆದು ನೋಡಿದರೆ ಒಂದೊಂದರ ಹೊಟ್ಟೆಯಲ್ಲೂ ವಿಭೂತಿ, ಗಂಧ! ಪ್ರತಿ ಆಯುಧಪೂಜೆಗೂ ನೀನು ತಗಡಿನ ಮುಚ್ಚಳ ಸರಿಸಿ ಒಳಗಿನ ಕಪ್ಪು ಹಾಳೆಗೇ ಮೂರು ಪಟ್ಟೆ ಎಳೆದಿದ್ದೆ. “ಮೇಲ್ಗಡೆ ಹಚ್ಚಿದ್ರೆ ಹೆಂಗೆ ಕಣಮ್ಮ, ಅಂಗಿಗೆ ಯಾರಾದ್ರೂ ವಿಭೂತಿ ಹಚ್ಕಂತಾರಾ?” ಎಂದು ನೀನು ಆಗ ನನಗೇ ಪಾಠ ಹೇಳಿದೆ. “ನೀನೇ ಕೊಂದ್ಬುಟ್ಟೆ ಕಣೇ ಅದನ್ನ” ಎಂದು ತಾತ ಕೂಗಿದರು. ನೀನು ಚೀಲ ಹಿಡಿದು ಪಾವಗಡದ ಬಸ್ಸು ಹತ್ತಿದೆ.

ಆ ಫ್ಲಾಪಿಗಳು ಸರಿಯಾದರೆ ತಾತನ ಕೋಪ ಇಳಿದೀತು, ನೀನು ಬಂದೀಯ ಎಂದು ನಾನು ಶಿರಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ನವೀನ್ ಕುಮಾರನ ಹತ್ತಿರ ಹೊತ್ತೊಯ್ದೆ. “ಲೇ ಲೋಹಿತಾ, ಇದು ಫ್ಲಾಪಿನಾ, ಮಠದ ಪ್ರಸಾದಾನಾ? ಕಣ್ಣಿಗೊತ್ಕಂಡು ಬಿಚ್ಲಾ?” ಎಂದ. ಚಿಪ್ಪು ಬಿಚ್ಚಿ, ಹಾಳೆ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬೇರೆ ಚಿಪ್ಪಿಗೆ ಸೇರಿಸಿ ಡ್ರೈವಿಗೆ ಹಾಕಿದೆವು. ಕೆಲವು ಒಳಗಿದ್ದ ಮಾಹಿತಿಯನ್ನು ಅಷ್ಟಿಷ್ಟು ಕೊಟ್ಟವು. ಉಳಿದವು ಕರ್‌ರ್ ಎಂದು ಸುಮ್ಮನಾದವು. ಒಂದು ಫ್ಲಾಪಿಯನ್ನು ಓದಲಾಗದಿದ್ದರೂ ಯುನಿಕ್ಸ್ ಏಳುವುದಿಲ್ಲವಂತೆ. ನಾನು ಮನೆಗೆ ಬಂದಾಗಲೆಲ್ಲ ತಾತ ಬಾಗಿಲಲ್ಲೇ “ಎದ್ದಿತಾ?” ಎನ್ನುವರು. “ಇನ್ನೂ ಐಸಿಯುನಲ್ಲಿದೆ, ಹಣ್ಣು ತಂದು ನೋಡ್ಕಂಡು ಹೋಗಿ” ಎಂದೆ ಒಮ್ಮೆ. ನಗಲಿಲ್ಲ. ನಿನ್ನೆ ನವೀನ, “ಬುಡು, ಆಗಲ್ಲ” ಎಂದು ಕೈ ಒರೆಸಿಕೊಂಡ. ಅದನ್ನು ತಾತನಿಗೆ ಹೇಳುವಾಗ ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ ಅಜ್ಜಿ.

ಅತ್ತೆಗೆ ನಮಸ್ಕಾರ. ಮಾವನವರಿಗೆ ಭಯಮಿಶ್ರಿತ ನಮಸ್ಕಾರ. ನಿನ್ನ ಆಶೀರ್ವಾದವನ್ನು ಕೆಮ್ಮು ಸೋಕಿಸದೆ ಕಳಿಸುವುದು.

ಇಂತಿ, ನಿನ್ನ ತಲೆನೋವು,
ಲೋಹಿತಾ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು: ಈಗ ತಾನೇ ಅಟ್ಟದಲ್ಲಿ ಕಂಪನಿಯವರು ಕೊಟ್ಟಿದ್ದ ಅದೇ ಫ್ಲಾಪಿಗಳ ಇನ್ನೊಂದು ಸೆಟ್ ಸಿಕ್ಕಿತು. ಸೀಲು ಒಡೆದಿಲ್ಲ, ನಿನ್ನ ಕೈ ಸೋಕಿಲ್ಲ. ಒಡೆದರೆ ಹಾಳೆಯ ತುಂಬ ಬೂಷ್ಟು. ವಯಸ್ಸಾಗಿಯೇ ಸತ್ತಿವೆ, ವಿಭೂತಿ ಹಚ್ಚದಿದ್ದರೂ ಮೊದಲಿನವೂ ಉಳಿಯುತ್ತಿರಲಿಲ್ಲ ಎಂದು ನವೀನ ಫೋನಿನಲ್ಲಿ ಹೇಳಿದ. ತಾತನಿಗೆ ತೋರಿಸಿದೆ. “ಇನ್ಯಾರ್ ಮೇಲಮ್ಮ ಸಿಟ್ಟು ಮಾಡ್ಕಳ್ಳಿ?” ಎಂದರು. ನಿನ್ನನ್ನು ಕರೆಯಲು ಅವರಿಗೆ ಮುಖವಿಲ್ಲ. ನಾನು ಕರೆಯುತ್ತಿದ್ದೇನೆ. ಬಾ ಅಜ್ಜಿ.